ಊರಿನ ಬಾಯಿ ಮುಚ್ಚಿಸುವ ಹೊತ್ತು

ನಮ್ಮ ಟೆಲಿಫೋನ್ ಎಕ್ಸ್‌ಚೇಂಜಿನ ಇಂಜಿನಿಯರಿಗೆ ಊರವರು ಇಟ್ಟ ಹೆಸರು ‘ನೋಡೋಣ ಸಾಹೇಬರು’. ಏನೇ ಕೇಳಿ, ನೋಡೋಣ ಎನ್ನುತ್ತಿದ್ದರು. ಟೀ ತರಿಸಲಾ ಸಾರ್ ಅಂದರೂ ನೋಡೋಣ. ನಿಮ್ಮ ಪ್ಯಾಂಟಿಗೆ ಬೆಂಕಿ ಹತ್ತಿದೆ ಸಾರ್ ಅಂದಿದ್ದರೂ ಅದನ್ನೇ ಅನ್ನುತ್ತಿದ್ದರು, ನನಗೆ ಗ್ಯಾರಂಟಿ. ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಒಳ್ಳೆಯವರ ಕೈಕೆಳಗೆ ಕೆಲಸ ಮಾಡುವುದಿದೆಯಲ್ಲ, ಅಲ್ಲಿ ಕೋಪ ಹೊರಗೂ ಬರುವುದಿಲ್ಲ, ಒಳಗೂ ಇಳಿಯುವುದಿಲ್ಲ. ಗಂಟಲಲ್ಲೇ ಕೂತು ಬೇಯುತ್ತದೆ.

ನಾನು ಪವರ್ ರೂಮಿನವನು. ಮೊಬೈಲು ಇನ್ನೂ ನಮ್ಮೂರಿಗೆ ಕಾಲಿಟ್ಟಿರಲಿಲ್ಲ. ಊರಿನ ಅಷ್ಟೂ ಫೋನುಗಳ ಮಾತು ನಮ್ಮಲ್ಲಿದ್ದ ಒಂದೇ ಒಂದು ಕಬ್ಬಿಣದ ಯಂತ್ರದೊಳಗಿಂದ ಹಾಯ್ದು ಹೋಗಬೇಕಿತ್ತು. ಬಟ್ಟೆಬೀರುವಿನಷ್ಟು ದೊಡ್ಡದಿದ್ದುದರಿಂದ ಅದನ್ನು ನಾವು ಬೀರು ಎಂದೇ ಕರೆಯುತ್ತಿದ್ದೆವು. ಅದನ್ನು ತಣ್ಣಗಿಡುವ ಫ್ಯಾನು ಕೆಟ್ಟಿತ್ತು. ನಿಂತಿರಲಿಲ್ಲ, ತಿರುಗುತ್ತಿತ್ತು. ಆದರೆ ಮುದುಕರು ಮೆಟ್ಟಿಲು ಹತ್ತುವ ಹಾಗೆ, ನರಳಿಕೊಂಡು, ನಡುವೆ ಸುಧಾರಿಸಿಕೊಂಡು. ಬಿಸಿ ಹೆಚ್ಚಾದರೆ ಬೀರುವಿಗೆ ಕರೆಂಟು ಹಂಚುವ ಕಾರ್ಡು ತಾನಾಗಿಯೇ ಟ್ರಿಪ್ ಆಗುತ್ತಿತ್ತು, ಊರಿಗೆ ಊರೇ ಮೂಕವಾಗುತ್ತಿತ್ತು. ತಣ್ಣಗಾದ ಮೇಲೆ ಮತ್ತೆ ಜೀವ ಬರುತ್ತಿತ್ತು. ಫ್ಯಾನು, ಕಾರ್ಡು ಎರಡನ್ನೂ ಬದಲಾಯಿಸಬೇಕು. ಅದಕ್ಕೆ ಎಕ್ಸ್‌ಚೇಂಜನ್ನು ಸ್ವಲ್ಪ ಹೊತ್ತು ಪೂರ್ತಿ ಬಂದ್ ಮಾಡಬೇಕು. ವಿಷಯ ಇಷ್ಟೇ. ಹೊಸ ಫ್ಯಾನೂ ಕಾರ್ಡೂ ಹೆಡ್ಡಾಫೀಸಿನಿಂದ ಬಂದು ಮರದ ಪೆಟ್ಟಿಗೆಯಲ್ಲಿ ಸಾಹೇಬರ ಮೇಜಿನ ಮೇಲೆಯೇ ಕೂತಿದ್ದವು. ಯಾವಾಗ ಬಂದ್ ಮಾಡುವುದು ಎಂದು ತೀರ್ಮಾನವಾಗದೆ ಸಾಹೇಬರು ಆ ಪೆಟ್ಟಿಗೆಯ ಮೇಲೆ ಟೀ ಲೋಟ ಇಡಲು ಶುರುಮಾಡಿದ್ದರು.

ಬೇರೆ ಯಾರದೋ ಊರಾಗಿದ್ದರೆ ಹಾಳಾಗಿ ಹೋಗಲಿ ಎನ್ನುತ್ತಿದ್ದೆ. ಆದರೆ ನನ್ನ ಅಕ್ಕನ ಸಂಸಾರ ಆ ಫ್ಯಾನಿಗೆ ಜೋತುಬಿದ್ದಿತ್ತು.

ಭಾವ ಸರಕು ಹಡಗೊಂದರಲ್ಲಿ ಅಡುಗೆಯವರು. ಹಡಗು ಬಂದರಿಗೆ ತಾಗಿದಾಗ ಮಾತ್ರ ಅವರ ಫೋನು. ಹೋದ ಸಲ ಮಾಡಿದಾಗ, ‘ಈ ಹಡಗು ಸಾಕಾಗಿದೆ, ಬಿಟ್ಟು ಮನೆಗೇ ಬಂದುಬಿಡಲಾ?’ ಎಂದು ಕೇಳಿದ್ದರು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಬೀರು ಕಾದು ಟ್ರಿಪ್ ಆಯಿತು. ಬರಲಾ ಅಂದಿದ್ದಕ್ಕೆ ಹೆಂಡತಿ ಫೋನು ಕುಕ್ಕಿದಳು ಎಂದುಕೊಂಡು ಅವರು ಅಲ್ಲಿ ಮುಖ ಊದಿಸಿಕೊಂಡರು. ಕೇಳುವುದನ್ನು ಕೇಳಿ ಉತ್ತರಕ್ಕೂ ನಿಲ್ಲದೆ ಇಟ್ಟುಬಿಟ್ಟರು ಎಂದುಕೊಂಡು ಇವಳು ಇಲ್ಲಿ ಊದಿಸಿಕೊಂಡಳು. ಆಮೇಲೆ ಭಾವನ ಹಡಗಿನವನೊಬ್ಬ ರಜೆಗೆ ಬಂದಾಗ ಸುದ್ದಿ ತಂದ. ಶನಿವಾರ ಬೆಳಿಗ್ಗೆ ಹಡಗು ಬಂದರಿನಲ್ಲಿರುತ್ತದೆ. ಅವತ್ತೇ ಮುಂದಿನ ಎರಡು ವರ್ಷದ ಕೆಲಸಕ್ಕೆ ಸಹಿ ಹಾಕಬೇಕು. ಹಾಕುವ ಮೊದಲು ಇನ್ನೊಂದೇ ಸಲ ಮನೆಗೆ ಫೋನ್ ಮಾಡುತ್ತಾರಂತೆ. ಈ ಸಲವೂ ಅವಳು ಕುಕ್ಕಿದರೆ ಎರಡು ವರ್ಷ ಈ ಕಡೆ ತಲೆ ಹಾಕುವುದಿಲ್ಲವಂತೆ.

“ಅಕ್ಕಾ, ಅವತ್ತು ಲೈನ್ ಕಟ್ ಆಗಿದ್ದು ನಮ್ಮ ಬೀರು ಕಾದು. ಭಾವ ಇಟ್ಟಿದ್ದಲ್ಲ,” ಎಂದು ನಾನು ಎಷ್ಟು ಸಲ ಹೇಳಿದೆನೋ.

ಅಕ್ಕ ಹೊಲಿಗೆ ಮಷೀನು ತುಳಿಯುವುದನ್ನು ನಿಲ್ಲಿಸದೆ ಅಂದಳು, “ಈ ಊರಲ್ಲಿ ಅತ್ತೆ ಫೋನ್ ಮಾಡಿದ್ರೆ ಲೈನ್ ಕಟ್. ನಾದಿನಿ ಮಾಡಿದ್ರೆ ಲೈನ್ ಕಟ್. ನಾನೇ, ಬಟ್ಟೆ ಹೊಲಿದಾಗಿಲ್ವಾ ಅಂತ ಗಿರಾಕಿ ಕೇಳಿದ್ರೆ, ಹಲೋ ಹಲೋ ಅಂತ ಕೂಗಿ ಇಟ್ಟುಬಿಡ್ತೀನಿ. ನನಗೇ ಬಂದು ಲೈನ್ ಕಟ್ ಕಥೆ ಹೇಳ್ತೀಯಾ?”

“ಸರಿ. ಶನಿವಾರ ಭಾವ ಕೇಳಿದ್ರೆ ಬನ್ನಿ ಅಂತೀಯಾ ಇಲ್ವಾ? ಅಷ್ಟು ಹೇಳು.”

ಮಷೀನು ನಿಂತಿತು. “ಫೋನ್ ಇಟ್ಟಿದ್ದು ತಪ್ಪಾಯ್ತು ಅಂತ ಮೊದಲು ಅವರು ಹೇಳ್ಲಿ. ಆಮೇಲೆ ನೋಡೋಣ.”

ಆಫೀಸಿನಲ್ಲೂ ನೋಡೋಣ, ಮನೆಯಲ್ಲೂ ನೋಡೋಣ. ನನ್ನ ಹಣೆಬರಹ. ಆದರೆ ಅವಳು ಮಷೀನಿನ ಕೆಳಗೆ ಇಟ್ಟುಕೊಂಡಿದ್ದುದು ಭಾವನ ಅಳತೆಯ ಅಂಗಿ. ಕಾಲರು ಸರಿಬಂದಿಲ್ಲವೆಂದು ಅದನ್ನೇ ಬಿಚ್ಚಿ ಬಿಚ್ಚಿ ಹೊಲಿಯುತ್ತಿದ್ದಳು. ಅಂದರೆ ಶನಿವಾರದೊಳಗೆ ಬೀರು ರಿಪೇರಿಯಾಗಬೇಕು. ಇಬ್ಬರು ಮೊಂಡರು ಪೂರ್ತಿ ಜಗಳವಾಡಿ ಮುಗಿಸುವವರೆಗೆ ಲೈನು ನಿಲ್ಲಬೇಕು. ಅದೊಂದೇ ದಾರಿ.

ನಾನು ಸಾಹೇಬರ ಕೋಣೆಗೆ ನುಗ್ಗಿದೆ. ಮೀಟಿಂಗ್ ಮಾಡೋಣ ಎಂದರು. ಎಕ್ಸ್‌ಚೇಂಜಿನಲ್ಲಿ ಇದ್ದವರೇ ನಾಲ್ಕು ಜನ. ಸಾಹೇಬರು, ನಾನು, ಬೋರ್ಡಿನ ಮುಂದೆ ಕೂತು ಹೊರಗಿನ ಕರೆಗಳನ್ನು ಜೋಡಿಸುವ ಆಪರೇಟರು ಹಲೋ ಮೇಡಂ, ಸದಾ ಕಂಬದ ಮೇಲೇ ಇರುವ ಲೈನ್‌ಮನ್ ಕಂಬದಣ್ಣ.

“ಇವತ್ತು ಸಂಜೆ ಬಂದ್ ಮಾಡಿ ಸಾರ್,” ಎಂದೆ.

“ಸಂಜೆ ಬೇಡ,” ಎಂದರು ಹಲೋ ಮೇಡಂ. “ಸಂಜೆ ಹುಡುಗ ಹುಡುಗಿಯರು ಮಾತಾಡೋ ಟೈಮು. ಅಪ್ಪ ಅಮ್ಮ ವಾಕಿಂಗ್ ಹೋಗಿರ್ತಾರೆ. ಅದನ್ನೂ ಕಿತ್ಕೊಂಡ್ರೆ ಅವರ ಶಾಪ ತಟ್ಟೋದು ನನಗೆ.”

“ಹಂಗಾದ್ರೆ ಬೆಳಿಗ್ಗೆ.”

“ಬೆಳಿಗ್ಗೆ ಆಸ್ಪತ್ರೆ,” ಎಂದರು ಸಾಹೇಬರು.

“ಮಧ್ಯಾಹ್ನ?”

“ಬ್ಯಾಂಕು.”

“ರಾತ್ರಿ ಮಾಡಿ ಸಾರ್ ಮತ್ತೆ. ಊರೆಲ್ಲ ಮಲಗಿರತ್ತೆ.”

ಸಾಹೇಬರು ಮುಖ ಸಣ್ಣ ಮಾಡಿಕೊಂಡರು. “ರಾತ್ರಿ ಬಿಚ್ಚಿ, ಅದು ಮತ್ತೆ ಎದ್ದೇಳದೆ ಹೋದ್ರೆ? ಹೆಡ್ಡಾಫೀಸಲ್ಲಿ ಫೋನ್ ಎತ್ತೋರು ಯಾರೂ ಇರಲ್ಲ.”

ಮೂಲೆಯಲ್ಲಿ ತಂತಿ ಸುತ್ತುತ್ತಿದ್ದ ಕಂಬದಣ್ಣ ತಲೆಯೆತ್ತಿದ. “ಹಗಲು ಎತ್ತೋರು ಇದ್ರೂ ನಾವು ಮಾಡೋದು ಯಾವ ಫೋನಿಂದ ಸಾರ್? ಬಂದ್ ಆಗಿರೋದು ನಮ್ಮದೇ ಅಲ್ವಾ?”

ಸಾಹೇಬರು ಮೇಜಿನ ಮೇಲಿದ್ದ ಫೋನನ್ನು ಸ್ವಲ್ಪ ಆಚೆ ಸರಿಸಿದರು.

“ನೋಡೋಣ,” ಎಂದರು ಸಾಹೇಬರು.

ಅವರ ಹೆದರಿಕೆಗೆ ಕಾರಣವಿತ್ತು ಅನ್ನಿ. ಹಿಂದೆ ಯಾವಾಗಲೋ, ಈ ಹೊತ್ತಿನಲ್ಲಿ ಯಾರಿಗೂ ಫೋನು ಬೇಡ ಎಂದು ಧೈರ್ಯ ಮಾಡಿ ಎಕ್ಸ್‌ಚೇಂಜ್ ಬಂದ್ ಮಾಡಿಸಿದ್ದರಂತೆ. ಸರಿಯಾಗಿ ಅದೇ ಹೊತ್ತಿಗೆ ಬೇಕರಿಯ ಚಿಮಣಿಗೆ ಬೆಂಕಿ ಹತ್ತಿತು. ಬೇಕರಿಯವನು ಅಗ್ನಿಶಾಮಕದವರ ಹತ್ತಿರ ಓಡಿಕೊಂಡು ಹೋಗಿ ಕರೆತರುವಷ್ಟರಲ್ಲಿ ಬ್ರೆಡ್ಡೆಲ್ಲ ಇದ್ದಿಲಾಗಿತ್ತು. ಅಂದಿನಿಂದ ಸಾಹೇಬರು ಆ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಿದ್ದರು, ಮತ್ತು ಎರಡು ಪದ್ಧತಿ ಮಾಡಿಕೊಂಡಿದ್ದರು. ಬಂದ್ ಮಾಡುವ ಮೊದಲು ಊರಿನ ಮುಖ್ಯಸ್ಥರನ್ನೆಲ್ಲ ಕಂಡು ಒಪ್ಪಿಗೆ ಕೇಳುವುದು ಒಂದು. ಮಾತಾಡುತ್ತಿರುವ ಲೈನನ್ನು ಯಾವ ಕಾರಣಕ್ಕೂ ಕಡಿಯಬಾರದು ಎಂಬುದು ಇನ್ನೊಂದು. ಯಾವ ಮನೆಯವರು ಮಾತಾಡುತ್ತಿದ್ದಾರೋ ಆ ಮನೆಯ ಪುಟ್ಟ ದೀಪ ಬೀರುವಿನ ಮುಖದ ಮೇಲೆ ಉರಿಯುತ್ತದೆ. ಅವರು ಫೋನು ಇಟ್ಟು ದೀಪ ಆರಿದ ಮೇಲೆಯೇ ಮೇನ್ ಸ್ವಿಚ್ಚಿಗೆ ಕೈ ಹಾಕಬೇಕು.

ಸಾಹೇಬರು ಛತ್ರಿ ಹಿಡಿದು ಒಪ್ಪಿಗೆ ಕೇಳಲು ಹೊರಟರು. ಹೋದರು, ಹೋದರು, ಹೋಗುತ್ತಲೇ ಇದ್ದರು. ನಾನು ಪವರ್ ರೂಮಿನಲ್ಲಿ ಹಲ್ಲು ಕಡಿಯುತ್ತ ಕೂತೆ. ಅಷ್ಟರಲ್ಲಿ ಹೆಡ್ಡಾಫೀಸಿನವರು ಇನ್ನೊಂದು ಕಡ್ಡಿ ಆಡಿಸಿದರು. ಶನಿವಾರ ಮಧ್ಯಾಹ್ನದೊಳಗೆ ಆ ಕಾರ್ಡು ಹಾಕಿಕೊಳ್ಳದಿದ್ದರೆ ವಾಪಸ್ ಕಳಿಸಿ, ಪಕ್ಕದೂರಿನವರು ಕೇಳುತ್ತಿದ್ದಾರೆ, ಎಂದರು.

ಶುಕ್ರವಾರ ಸಾಹೇಬರು ಗೆದ್ದು ಬಂದವರ ಹಾಗೆ ಬಂದರು.

“ಎಲ್ಲರೂ ಒಪ್ಪಿದ್ರು ಕಣಯ್ಯ. ಡಾಕ್ಟರಿಗೆ ಆ ಹೊತ್ತಲ್ಲಿ ಆಪರೇಷನ್, ಫೋನ್ ಎತ್ತೋಕೆ ಕೈಯೇ ಬಿಡುವಿರಲ್ಲ. ಬ್ಯಾಂಕಲ್ಲಿ ಲೆಕ್ಕದೋರು ಬರ್ತಾರೆ, ಮ್ಯಾನೇಜರಿಗೆ ಫೋನ್ ಸತ್ತಿದ್ರೇ ಒಳ್ಳೇದಂತೆ. ಶಾಲೆಗೆ ರಜ. ಇನ್‌ಸ್ಪೆಕ್ಟರ್ ಅಂತೂ, ಆ ಹೊತ್ತಲ್ಲಿ ಕಳ್ಳತನ ಆದೋರು ನಡ್ಕೊಂಡೇ ಬರ್ಲಿ ಅಂದ್ರು. ಬೇಕರಿಯವನು ಕೂಡ ಒಲೆ ಹಚ್ಚಲ್ಲ ಅಂದ.”

“ಯಾವ ಹೊತ್ತು ಸಾರ್?”

“ಶನಿವಾರ ಬೆಳಿಗ್ಗೆ.”

ನನ್ನ ತಲೆ ಕೆಟ್ಟು ಮೊಸರಾಯಿತು. ಇಡೀ ಊರನ್ನು ಕೇಳಿದ ಮಹಾನುಭಾವರು ಎದುರಿಗಿದ್ದ ನನ್ನನ್ನು ಕೇಳಿರಲಿಲ್ಲ.

“ಶನಿವಾರ ಬೆಳಿಗ್ಗೆ ಆಗಲ್ಲ,” ಎಂದೆ.

“ಬೇಗ ಬಂದ್ ಮಾಡಿ ಅಂತ ಕುಣೀತಿದ್ದೋನು ನೀನೇ ಅಲ್ವಾ?”

ಹೇಳಬೇಕಾಯಿತು. ಅಕ್ಕ, ಭಾವ, ಹಡಗು, ಸಹಿ, ಕುಕ್ಕಿದ್ದು, ಊದಿಸಿಕೊಂಡಿದ್ದು, ಎಲ್ಲ. ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಕಂಬದಣ್ಣ ತಂತಿ ಬಿಟ್ಟು ಹತ್ತಿರ ಬಂದು ಕೂತ. ಹಲೋ ಮೇಡಂ ಮಾತ್ರ, “ಇದೆಲ್ಲ ನನಗೆ ಆವತ್ತೇ ಗೊತ್ತಿತ್ತು,” ಎಂದರು.

“ಪದ್ಧತಿ ಇದೆಯಲ್ಲ,” ಎಂದರು ಸಾಹೇಬರು ಕೊನೆಗೆ. “ಬಂದ್ ಮಾಡೋ ಮೊದಲೇ ನಿಮ್ಮ ಭಾವನ ಫೋನ್ ಬಂದ್ರೆ, ಮಾತು ಮುಗಿಯೋವರೆಗೂ ಕಾಯೋಣ. ಅವರಿಬ್ಬರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು. ಮಧ್ಯಾಹ್ನದೊಳಗೆ ಮುಗಿದ್ರೆ ಸಾಕು.”

ಶನಿವಾರ ಬೆಳಿಗ್ಗೆ ಪೆಟ್ಟಿಗೆ ಬಿಚ್ಚಿ, ಸ್ಪಾನರು, ಸ್ಕ್ರೂಡ್ರೈವರು ಜೋಡಿಸಿಕೊಂಡು ಬೀರುವಿನ ಮುಂದೆ ನಿಂತೆವು. ಪಕ್ಕದ ಕೋಣೆಯ ಬಾಗಿಲು ತೆರೆದಿಟ್ಟು ಹಲೋ ಮೇಡಂ ಬೋರ್ಡಿನ ಮುಂದೆ ಕೂತು, ‘ಫೋನ್ ಬಂದ್ ಆಗತ್ತೆ, ಬೇಗ ಇಡಿ’ ಎಂದು ಊರಿಗೆಲ್ಲ ಸಾರುತ್ತಿದ್ದರು. ದೀಪಗಳು ಒಂದೊಂದೇ ಆರಿದವು. ಬ್ಯಾಂಕು ಆರಿತು. ಆಸ್ಪತ್ರೆ ಆರಿತು. ಕೊನೆಯಲ್ಲಿ ಒಂದು ದೀಪ ಬಹಳ ಹೊತ್ತು ಉರಿಯಿತು. ಯಾರೋ ಅತ್ತೆ, ಯಾರೋ ಸೊಸೆ. ಅದೂ ಪಕ್ಕನೆ ಆರಿತು. ಸೊಸೆ, ‘ನೋಡಿ, ಲೈನ್ ಕಟ್ ಮಾಡ್ತಾರಂತೆ’ ಎಂದು ಸಂತೋಷದಿಂದ ಇಟ್ಟಿರಬೇಕು.

ಬೀರು ಪೂರ್ತಿ ಕತ್ತಲಾಯಿತು. ಸಾಹೇಬರು ನನ್ನ ಮುಖ ನೋಡಿದರು. ನಾನು ಬೋರ್ಡಿನ ಕಡೆ ನೋಡಿದೆ.

“ಸ್ವಲ್ಪ ತಡೀರಿ ಸಾರ್.”

“ತಡೀತೀನಿ ಕಣಯ್ಯ.”

ಆಗ ಬೋರ್ಡು ಗುರ್ ಎಂದಿತು. “ಟ್ರಂಕ್ ಕಾಲು,” ಎಂದರು ಹಲೋ ಮೇಡಂ. “ಬಂದರಿನಿಂದ. ನಿಮ್ಮ ಮನೆಗೇ. ಹಾಕಿದೆ ನೋಡು.”

ನಮ್ಮ ಮನೆಯ ದೀಪ ಹತ್ತಿತು. ಊರಿನ ಅಷ್ಟು ಮನೆಗಳ ನಡುವೆ ಅದೊಂದೇ ದೀಪ. ಕಂಬದಣ್ಣ ನನ್ನ ಬೆನ್ನಿಗೆ ಒಂದು ಗುದ್ದಿದ.

ಕಾದೆವು. ಮೊದಮೊದಲು ಖುಷಿಯೇ ಆಯಿತು. ಇಷ್ಟು ಹೊತ್ತು ಮಾತಾಡುತ್ತಿದ್ದಾರೆ ಎಂದರೆ ಎಲ್ಲ ಸರಿಯಾಯಿತು ಎಂದೇ ಅಲ್ಲವೇ? ಸಾಹೇಬರು ಟೀ ತರಿಸಿದರು. ಕುಡಿದಾಯಿತು. ದೀಪ ಉರಿಯುತ್ತಲೇ ಇತ್ತು. ಫ್ಯಾನಿನ ನರಳಾಟ ಜೋರಾಯಿತು. ಬೀರುವಿನ ತಲೆಯ ಮೇಲಿನ ಕೆಂಪು ಬಲ್ಬು ಹತ್ತಿತು. ಬಿಸಿ ಏರುತ್ತಿದೆ ಎಂದು ಅರ್ಥ. ಕಂಬದಣ್ಣ ಹೊಸ ಫ್ಯಾನಿಗೆ ಸುತ್ತಿ ಬಂದಿದ್ದ ರಟ್ಟು ಹರಿದು ಗಾಳಿ ಹಾಕತೊಡಗಿದ. ಸಾಹೇಬರು ತಮ್ಮ ಕೋಣೆಯ ಟೇಬಲ್ ಫ್ಯಾನನ್ನು ತಂದು, ಇಡಲು ಸ್ಟೂಲು ಸಿಗದೆ, ಮಗುವನ್ನು ಎತ್ತಿಕೊಂಡ ಹಾಗೆ ಎದೆಗೆ ಅವಚಿಕೊಂಡು ಬೀರುವಿನ ಕಡೆ ತಿರುಗಿಸಿ ನಿಂತರು. ನಾನು ಅಂಗಿ ಬಿಚ್ಚಿ ಬೀಸಿದೆ.

ಸಾಹೇಬರು ಒಂದು ಕೈಯಿಂದ ಬೀರುವಿನ ಬಾಗಿಲು ಮುಟ್ಟಿ, ಬೆರಳಿಗೆ ಉಫ್ ಎಂದು ಊದಿಕೊಂಡರು. “ಇನ್ನು ಕಾದ್ರೆ ಟ್ರಿಪ್ ಅಲ್ಲ, ಸುಟ್ಟೇ ಹೋಗಬಹುದು. ಆಫ್ ಮಾಡು.”

ಆ ಬಾಯಿಂದ ಅಂಥ ಮಾತು ನಾನು ಯಾವತ್ತೂ ಕೇಳಿರಲಿಲ್ಲ. ಬಂದದ್ದಾದರೂ ಯಾವ ಹೊತ್ತಿನಲ್ಲಿ ನೋಡಿ. ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟೆ.

“ಮಾತಾಡ್ತಿರೋ ಲೈನ್ ಕಡಿಯೋ ಹಾಗಿಲ್ಲ ಸಾರ್. ನೀವೇ ಮಾಡಿದ ಪದ್ಧತಿ.”

“ಬಂದ್ ಮಾಡಿ, ಬಂದ್ ಮಾಡಿ ಅಂತ ನಮ್ಮ ತಲೆ ತಿಂದೋನು ಇವನೇ ತಾನೆ?” ಎಂದು ಕಂಬದಣ್ಣ ರಟ್ಟು ಬೀಸುತ್ತಲೇ ಗೋಡೆಯನ್ನು ಕೇಳಿದ.

“ಅಲ್ಲ, ಇಷ್ಟು ಹೊತ್ತು ಏನ್ ಮಾತಾಡ್ತಿದಾರೆ?” ಎಂದರು ಸಾಹೇಬರು. “ಮೇಡಂ, ಒಂಚೂರು ಕೇಳ್ನೋಡಿ.”

ಹಲೋ ಮೇಡಂ ನೆಟ್ಟಗೆ ಕೂತರು. “ಕದ್ದು ಕೇಳೋ ಅಭ್ಯಾಸ ನನಗಿಲ್ಲ ಸಾರ್.”

“ಮತ್ತೆ ಊರಿನ ಸುದ್ದಿಯೆಲ್ಲ ನಿಮಗೆ ಕನಸಲ್ಲಿ ಬೀಳತ್ತಾ?” ಎಂದ ಕಂಬದಣ್ಣ.

“ಪ್ಲಗ್ ಹಾಕುವಾಗ ತಾನಾಗೇ ಕಿವಿಗೆ ಬಿದ್ರೆ ನಾನೇನ್ ಮಾಡ್ಲಿ?” ಎನ್ನುತ್ತ ಮೇಡಂ ಪ್ಲಗ್ ಹಾಕಿದರು. ಕೇಳಿದರು. ಹುಬ್ಬು ಮೇಲೆ ಹೋಯಿತು. ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಂಡು ಮತ್ತೆ ಕೇಳಿದರು.

“ಯಾರೂ ಮಾತಾಡ್ತಾನೇ ಇಲ್ಲ.”

“ಇಟ್ಟುಬಿಟ್ರಾ?” ಎಂದೆ.

“ಇಲ್ಲ, ಇಬ್ಬರೂ ಇದಾರೆ. ಆ ಕಡೆ ಹಡಗಿನ ಸೈರನ್ನು ಕೇಳತ್ತೆ. ಈ ಕಡೆ ಹೊಲಿಗೆ ಮಷೀನು.”

ನನಗೆ ಎಲ್ಲ ಅರ್ಥವಾಯಿತು. ನನ್ನ ಅಕ್ಕ ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಅಂಗಿಯ ಕಾಲರು ಹೊಲಿಯುತ್ತಿದ್ದಳು. ಭಾವ ಆ ಕಡೆ ಬೂತಿನಲ್ಲಿ ನಿಂತಿದ್ದರು. ಹಲೋ ಎಂದಷ್ಟೇ ಆಗಿತ್ತು. ತಪ್ಪಾಯ್ತು ಎಂದು ಮೊದಲು ನೀವು ಹೇಳಿ ಎಂದು ಇವಳು ಕಾಯುತ್ತಿದ್ದಳು, ನೀನು ಹೇಳು ಎಂದು ಅವರು ಕಾಯುತ್ತಿದ್ದರು. ಇಡುವುದಕ್ಕೂ ಇಬ್ಬರೂ ತಯಾರಿಲ್ಲ, ಇಟ್ಟರೆ ಕುಕ್ಕಿದ ಹಾಗಾಗುತ್ತದಲ್ಲ.

“ಮಾತಾಡ್ತಿರೋ ಲೈನ್ ಕಡೀಬಾರದು ಅಂತ ತಾನೇ ಪದ್ಧತಿ?” ಎಂದ ಕಂಬದಣ್ಣ. “ಇವರು ಮಾತಾಡ್ತಿಲ್ಲವಲ್ಲ ಸಾರ್. ಕಡೀಬಹುದಲ್ಲ?”

ಸಾಹೇಬರು ಟೇಬಲ್ ಫ್ಯಾನನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡು ಯೋಚಿಸಿದರು. ಅವರಿಗೆ ಮದುವೆಯಾಗಿ ಬಹಳ ಕಾಲವಾಗಿತ್ತು. “ಗಂಡ ಹೆಂಡತಿ ಸುಮ್ಮನಿದ್ರೆ ಅದೂ ಮಾತೇ ಕಣಯ್ಯ. ಬಹಳ ದೊಡ್ಡ ಮಾತು,” ಎಂದರು.

ನನಗೆ ರೇಗಿಹೋಯಿತು. ಹೋಗಿ ಮೇಡಂ ತಲೆಯ ಮೇಲಿದ್ದ ಹೆಡ್‌ಸೆಟ್ಟು ಕಿತ್ತುಕೊಂಡೆ. “ನನ್ನ ಮಾತು ಆ ಲೈನಿಗೆ ಹೋಗೋ ಹಾಗೆ ಮಾಡಿ.” ಅವರು ಒಂದು ಕೀಲಿ ಒತ್ತಿದರು.

“ಅಕ್ಕಾ. ಭಾವ. ನಾನು.”

ಮಷೀನು ನಿಂತಿತು. “ಯಾರದು, ಸಣ್ಣವನಾ?” ಎಂದರು ಭಾವ.

“ಹೌದು, ಎಕ್ಸ್‌ಚೇಂಜಿಂದ. ಇಬ್ಬರೂ ಕೇಳಿ. ಹೋದ ಸಲ ನೀವೂ ಫೋನ್ ಇಟ್ಟಿಲ್ಲ, ಅವಳೂ ಇಟ್ಟಿಲ್ಲ. ಕಟ್ ಮಾಡಿದ್ದು ನಮ್ಮ ದರಿದ್ರ ಬೀರು. ಈಗ ಮತ್ತೆ ಕಟ್ ಮಾಡತ್ತೆ. ನಮ್ಮ ಸಾಹೇಬರು ಟೇಬಲ್ ಫ್ಯಾನ್ ಎತ್ಕೊಂಡು ನಿಂತಿದಾರೆ. ಕಂಬದಣ್ಣನ ಕೈ ಬಿದ್ದುಹೋಗ್ತಿದೆ. ಊರಿಗೆ ಊರೇ ನಿಮಗೋಸ್ಕರ ಫೋನ್ ಇಟ್ಟು ಕೂತಿದೆ. ನೀವು ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದೀರ. ಏನ್ ಹೇಳೋದಿದ್ರೂ ಈಗ ಬೊಗಳಿ.”

ಲೈನಿನಲ್ಲಿ ಒಂದು ಗಳಿಗೆ ಬರೀ ಸಮುದ್ರ.

“ಬೊಗಳಿ ಅಂದ್ನಾ?” ಎಂದರು ಭಾವ.

“ಬೊಗಳಿ ಅಂದ,” ಎಂದಳು ಅಕ್ಕ.

“ಗಂಡ ಹೆಂಡತಿ ಮಾತಾಡೋ ಲೈನಲ್ಲಿ ಬಂದು ಕೂತಿದ್ದೂ ಅಲ್ದೆ.”

“ನೀವು ಮಾತಾಡ್ತಿರ್ಲಿಲ್ಲ,” ಎಂದೆ.

“ಮುಚ್ಚೋ ಬಾಯಿ,” ಎಂದರು ಇಬ್ಬರೂ ಒಟ್ಟಿಗೆ.

“ದೊಡ್ಡೋರು ಚಿಕ್ಕೋರು ಅನ್ನೋದು ಇವನಿಗೆ ಇಲ್ವೇ ಇಲ್ವಾ?” ಎಂದು ಭಾವ ಅಕ್ಕನನ್ನು ಕೇಳಿದರು.

“ಯಾವತ್ತಿತ್ತು? ನೀವೇನೋ ಹಡಗಲ್ಲಿ ಆರಾಮಾಗಿ ಇರ್ತೀರ. ದಿನ ಬೆಳಗಾದ್ರೆ ಇವನ ಬಾಯಿಗೆ ಸಿಕ್ಕಿ ಒದ್ದಾಡೋಳು ನಾನು.”

“ನಾಲ್ಕು ಬಿಗಿಬಾರ್ದಾ?”

“ನಾನೊಬ್ಬಳೇ ಎಷ್ಟು ಅಂತ ಬಿಗೀಲಿ? ನೀವೇ ಬಂದು ಬಿಗೀರಿ.”

ಅಷ್ಟು ಹೊತ್ತು ಕೂಗುತ್ತಿದ್ದ ಸೈರನ್ನೂ ಸುಮ್ಮನಾದಂತಿತ್ತು.

“ಬರಲಾ ಹಂಗಾದ್ರೆ?” ಎಂದರು ಭಾವ. ಧ್ವನಿ ಬಹಳ ಸಣ್ಣದಾಗಿತ್ತು.

“ಬನ್ನಿ ಅಂತ ಹೇಳೋಕೇ ಹೋದ ಸಲಾನೂ ಬಾಯಿ ತೆಗೆದಿದ್ದೆ...”

ಟಕ್.

ಕಿವಿಯಲ್ಲಿ ಏನೂ ಇರಲಿಲ್ಲ. ತಿರುಗಿ ನೋಡಿದರೆ ಬೀರುವಿನ ಮುಖ ಕಪ್ಪಾಗಿತ್ತು. ಫ್ಯಾನೂ ನಿಂತಿತ್ತು. ಒಳಗಿನಿಂದ ಸುಟ್ಟ ವಾಸನೆ ಬರುತ್ತಿತ್ತು. ಅಕ್ಕನ ಮಾತು ಆ ತುದಿಗೆ ತಲುಪಿತೋ, ಇಲ್ಲವೋ? ಅಲ್ಲೇ ಬಂದರಿನ ಆಫೀಸಿನಲ್ಲಿ ಸಹಿಯ ಕಾಗದ ಹಿಡಿದು ಯಾರೋ ಕಾಯುತ್ತಿರುತ್ತಾರೆ.

ಸಾಹೇಬರು ಟೇಬಲ್ ಫ್ಯಾನನ್ನು ಕೆಳಗಿಟ್ಟು, ಕತ್ತಲಾದ ದೀಪಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. “ಈಗ ಯಾರೂ ಮಾತಾಡ್ತಿಲ್ಲ. ಶುರು ಮಾಡು.”

ಬಿಸಿ ಆರುವುದಕ್ಕೂ ಕಾಯಲಿಲ್ಲ. ಫ್ಯಾನಿನ ಸ್ಕ್ರೂ ಬಿಚ್ಚುತ್ತ ಬೆರಳು ಸುಟ್ಟುಕೊಂಡೆ. ಫ್ಯಾನಿಗೆ ಬೈದೆ, ಹಡಗಿಗೆ ಬೈದೆ, ಒಪ್ಪಿಗೆ ಕೊಟ್ಟ ಡಾಕ್ಟರಿಗೆ, ಇನ್‌ಸ್ಪೆಕ್ಟರಿಗೆ ಬೈದೆ. ಸಾಹೇಬರು ಪ್ಯಾಂಟು ಧೂಳಾಗುವುದನ್ನೂ ಲೆಕ್ಕಿಸದೆ ನೆಲಕ್ಕೆ ಮಂಡಿಯೂರಿ, ಸುಟ್ಟ ಕಾರ್ಡು ಎಳೆದು ಹೊಸದನ್ನು ತಾವೇ ಕೂರಿಸಿದರು. ಒಂದೇ ಏಟಿಗೆ ಅದು ಸರಿಯಾಗಿ ಕೂತಿತು. ಹಾಗೆ ಕೆಲಸ ಬಲ್ಲ ಮನುಷ್ಯ ಇಷ್ಟು ದಿನ ಏನು ನೋಡುತ್ತ ಕೂತಿದ್ದರು ಎಂದು ನೆನೆದು ನನಗೆ ಇನ್ನಷ್ಟು ಮೈ ಉರಿಯಿತು.

ಸ್ವಿಚ್ ಹಾಕಿದೆವು. ಹೊಸ ಫ್ಯಾನು ಸದ್ದಿಲ್ಲದೆ ತಿರುಗಿತು. ಬೀರುವಿನ ದೀಪಗಳು ಸಾಲುಸಾಲಾಗಿ ಹತ್ತಿ, ಆರಿ, ಕೊನೆಗೆ ಟೋನು ಬಂತು.

ಬಂದದ್ದೇ ತಡ, ಫೋನು ಬಂದಿದೆಯೋ ಇಲ್ಲವೋ ಎಂದು ನೋಡಲು ಊರಿನವರೆಲ್ಲ ಒಟ್ಟಿಗೆ ಫೋನು ಎತ್ತಿದರು. “ಬಂದಿದೆ, ಇಡಿ. ಬಂದಿದೆ ಅಂದೆನಲ್ಲ, ಇಡಿ. ಇನ್‌ಸ್ಪೆಕ್ಟ್ರೇ, ನೀವೂನಾ? ಇಡಿ,” ಎಂದು ಹಲೋ ಮೇಡಂ ಕಿರುಚಿದರು. ಲೈನೆಲ್ಲ ತುಂಬಿ ಹೋದರೆ ಭಾವನ ಕರೆ ಒಳಗೆ ಬರುವುದು ಹೇಗೆ? ನಾನು ಬೋರ್ಡಿನ ಪಕ್ಕ ನಿಂತು ಉಗುರು ಕಚ್ಚಿದೆ. ಕಚ್ಚಲು ಉಗುರು ಉಳಿಯದ ಹೊತ್ತಿಗೆ ಟ್ರಂಕಿನ ಗಂಟೆ ಹೊಡೆಯಿತು.

ಹಲೋ ಮೇಡಂ ಕೇಳಿಸಿಕೊಂಡು ನನ್ನ ಕಡೆ ಹೆಡ್‌ಸೆಟ್ಟು ಚಾಚಿದರು. “ನಿಮ್ಮ ಭಾವ. ಮನೆಗೆ ಆಮೇಲೆ ಹಾಕಿ, ಮೊದಲು ಆ ಸಣ್ಣವನಿಗೆ ಕೊಡಿ ಅಂತಿದಾರೆ.”

“ಭಾವ, ಸಹಿ ಹಾಕಿಬಿಟ್ರಾ?”

“ಹಾಕಿಲ್ಲ. ಬನ್ನಿ ಅಂದಿದ್ದು ಕೇಳಿಸ್ತು. ಪೆಟ್ಟಿಗೆ, ಹಾಸಿಗೆ ಎಲ್ಲ ಕೆಳಗಿಳಿಸಿ ಬಂದಿದೀನಿ. ಬರ್ತಿದೀನಿ.” ನಾನು ಕಂಬದಣ್ಣನ ಕಡೆ ಹೆಬ್ಬೆರಳು ಎತ್ತಿ ತೋರಿಸಿದೆ. “ಬಂದು ಮೊದಲು ಏನ್ ಮಾಡ್ತೀನಿ ಗೊತ್ತಾ?”

“ಏನ್ ಭಾವ?”

“ನಿನಗೆ ಮಾತಾಡೋದು ಕಲಿಸ್ತೀನಿ. ಬೊಗಳಿ ಅಂತೀಯಾ? ನಿನ್ನ ಅಕ್ಕ ನಿನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದ್ದು ಇದಕ್ಕಾ? ಮದುವೆ ದಿನ ನೀನು ನನ್ನ ಹೊಸ ಚಪ್ಪಲಿ ಏನ್ ಮಾಡಿದೆ ಅನ್ನೋದನ್ನ ನಾನು ಮರೆತಿದೀನಿ ಅಂದ್ಕೊಂಡ್ಯಾ? ಅವತ್ತೇ ಹೇಳಿದ್ದೆ ಅವಳಿಗೆ...”

ಅಲ್ಲಿಂದ ಶುರುವಾಯಿತು. ಲೈನಿನಲ್ಲಿ ಒಂದು ಕರಕರ ಇಲ್ಲ, ಪಕ್ಕದಲ್ಲೇ ನಿಂತು ಬೈದಷ್ಟು ಸ್ಪಷ್ಟ. ಸಾಕು ಭಾವ, ಅಕ್ಕನಿಗೆ ಹಾಕಿಸ್ತೀನಿ ಎಂದು ಹೆಡ್‌ಸೆಟ್ಟು ತೆಗೆಯಲು ಹೋದೆ. ಬೀರುವಿನ ಮುಂದೆ ಕೂತು ಬಿಸಿ ಎಷ್ಟಿದೆ ಎಂದು ತೋರಿಸುವ ಮುಳ್ಳು ನೋಡುತ್ತಿದ್ದ ಸಾಹೇಬರು ಕೈ ಅಡ್ಡ ಹಿಡಿದರು.

“ಬಿಡು, ಬೈಲಿ. ಎಷ್ಟು ಹೊತ್ತು ತಡಿಯತ್ತೆ ಅಂತ ಟೆಸ್ಟಿಂಗ್ ಆಗ್ತಿದೆ.”

ಕಂಬದಣ್ಣ ನನಗೆ ಸ್ಟೂಲು ತಂದು ಹಾಕಿದ. ಕೂತೆ. ನನ್ನ ಬಾಲ್ಯ ಮುಗಿದು ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಭಾವ ಬಂದು ಉಸಿರು ತೆಗೆದುಕೊಂಡಾಗ, “ಇನ್ನೂ ಇದೆಯಾ ಭಾವ?” ಎಂದು ಮೆಲ್ಲಗೆ ಕೇಳಿದೆ.

ಇತ್ತು.